ಗೋಡೆ ಒಡೆಯದೆ ಮೂರು ತಿಂಗಳು: ಜಿನುಗುವ ಪೈಪಿಗೆ ತಾತ್ಕಾಲಿಕ ಉಪಾಯಗಳು

ಪ್ರಶ್ನೆ: ದಾವಣಗೆರೆಯಲ್ಲಿರುವ ನಮ್ಮ ಮನೆಯನ್ನು 1998ರಲ್ಲಿ ಕಟ್ಟಿಸಿದ್ದು. ನೆಲಮಹಡಿ ಮಾತ್ರ ಇದೆ. ತಾರಸಿಯ ಮೇಲೆ 1000 ಲೀಟರಿನ ಟ್ಯಾಂಕು, ಗೋಡೆಯೊಳಗೆಲ್ಲ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಅಡುಗೆಮನೆಯ ಸಿಂಕಿನ ಕೆಳಗೆ, ಗೋಡೆಯಿಂದ ಹೊರಬಂದ ಪೈಪು ಎಲ್ಬೋಗೆ (ಮೊಣಕೈಯಂತೆ ಬಾಗಿದ ಜೋಡಣೆಗೆ) ಸೇರುವಲ್ಲಿ ನೀರು ಹನಿಯುತ್ತಿದ್ದು, ಗಂಟೆಗೆ ಸುಮಾರು ಒಂದು ಲೋಟ ತುಂಬುತ್ತದೆ. ಎರಡು ಸಲ ಎಂ-ಸೀಲ್ (ಎರಡು ಭಾಗ ನಾದಿ ಹಚ್ಚುವ ಅಂಟು) ಹಚ್ಚಿದೆ, ಎರಡೂ ಸಲ ಕಳಚಿ ಬಂತು. ಬಚ್ಚಲುಮನೆಗೂ ನಡುಮನೆಗೂ ನಡುವಿನ ಗೋಡೆಯಲ್ಲಿ, ನಡುಮನೆಯ ಕಡೆಗೆ, ನೆಲದಿಂದ ಎರಡು ಅಡಿ ಎತ್ತರದವರೆಗೆ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದೆ. ಗೀಸರಿನ ಕೆಳಗಿನ ವಾಲ್ವಿನಿಂದಲೂ ಆಗಾಗ ಹನಿ ಬೀಳುತ್ತದೆ. ಗೋಡೆ ಒಡೆದು ಇಡೀ ಲೈನು ಬದಲಿಸಬೇಕೆಂದು ಪ್ಲಂಬರ್ ಹೇಳುತ್ತಾರೆ. ಆದರೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಇನ್ನು ಮೂರು ತಿಂಗಳು ಮನೆಯಲ್ಲಿ ಧೂಳು, ಸುತ್ತಿಗೆಯ ಸದ್ದು ಸಾಧ್ಯವೇ ಇಲ್ಲ. ಪಕ್ಕದ ಮನೆಯವರು ಸೈಕಲ್ ಟ್ಯೂಬ್ ಸುತ್ತಿದರೆ ಸಾಕು ಎನ್ನುತ್ತಾರೆ. ಅಲ್ಲಿಯವರೆಗೆ ಏನು ಮಾಡಬಹುದು?

ಉತ್ತರ: ನೀವು ಬರೆದಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿದ್ದು, ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಸಿಂಕಿನ ಕೆಳಗಿನ ಸೋರಿಕೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ; ಅದನ್ನು ಮೂರು ತಿಂಗಳು ಹಿಡಿದು ನಿಲ್ಲಿಸಬಹುದು. ಗೋಡೆಯೊಳಗಿನದಕ್ಕೆ ಹೊರಗಿನಿಂದ ಹಚ್ಚುವ ಯಾವ ಲೇಪವೂ ಉಪಯೋಗಕ್ಕೆ ಬಾರದು; ಆ ಪೈಪಿಗೆ ನೀರೇ ಹೋಗದಂತೆ ಮಾಡುವುದು ಅಲ್ಲಿಯ ತಾತ್ಕಾಲಿಕ ಪರಿಹಾರ, ಮತ್ತು ಅದನ್ನು ಗೋಡೆ ಒಡೆಯದೆ ಮಾಡಲು ಸಾಧ್ಯವಿದೆ. ಗೀಸರಿನ ವಾಲ್ವು ಹನಿಯುವುದು ಹೆಚ್ಚಿನ ಮಟ್ಟಿಗೆ ಸೋರಿಕೆಯೇ ಆಗಿರಲಾರದು. ಅದಕ್ಕೆ ಏನನ್ನೂ ಮೆತ್ತಬಾರದು.

ಮೊದಲು ನೀರಿನ ಪ್ರಮಾಣವನ್ನು ನೋಡೋಣ. ಗಂಟೆಗೆ 200 ಮಿಲಿಲೀಟರ್ ಎಂದಿಟ್ಟುಕೊಂಡರೆ ದಿನಕ್ಕೆ 4.8 ಲೀಟರ್, ಮೂರು ತಿಂಗಳಿಗೆ ಸುಮಾರು 430 ಲೀಟರ್ ಆಗುತ್ತದೆ. ನಿಮ್ಮ ಟ್ಯಾಂಕಿನ ಅರ್ಧಕ್ಕಿಂತಲೂ ಕಡಿಮೆ. ಹೊರಗೆ ಬೀಳುವ ಈ ಹನಿಯನ್ನು ಒಂದು ಪಾತ್ರೆಯಲ್ಲಿ ಹಿಡಿದು ಗಿಡಕ್ಕೆ ಹಾಕಿದರೂ ಮನೆ ಮುಳುಗುವುದಿಲ್ಲ. ಆದರೆ ಇಷ್ಟೇ ನೀರು ಗೋಡೆಯೊಳಗೆ ಒಸರಿದರೆ ಇಟ್ಟಿಗೆ ಹೀರಿಕೊಂಡು, ಗಾರೆಯಲ್ಲಿರುವ ಲವಣಗಳನ್ನು ಕರಗಿಸಿ ಹೊರಗೆ ತರುತ್ತದೆ. ನಿಮ್ಮ ಗೋಡೆಯ ಬಿಳಿ ಪುಡಿ ಅದೇ. ಆದ್ದರಿಂದ ನೀವು ಹೆಚ್ಚು ಗಮನ ಕೊಟ್ಟಿರುವ ಎಲ್ಬೋಗಿಂತ, ನಡುವೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿರುವ ಗೋಡೆಯೇ ದೊಡ್ಡ ವಿಷಯವೆಂದು ನನಗೆ ಕಾಣುತ್ತದೆ.

ಎಂ-ಸೀಲ್ ಎರಡು ಸಲವೂ ಏಕೆ ಕಳಚಿತೆಂಬುದನ್ನು ತಿಳಿದುಕೊಂಡರೆ ಮೂರನೆಯ ಸಲ ಅದು ನಿಲ್ಲುತ್ತದೆ. ನಿಮ್ಮದು ಒಂದೇ ಅಂತಸ್ತಿನ ಮನೆ. ಟ್ಯಾಂಕಿನ ನೀರಿನ ಮಟ್ಟ ಸಿಂಕಿನ ಕೆಳಗಿನ ಪೈಪಿಗಿಂತ 4 ಮೀಟರಿನಷ್ಟು ಎತ್ತರದಲ್ಲಿರಬಹುದು. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಎಂಬ ಲೆಕ್ಕದಲ್ಲಿ ನಿಮ್ಮ ಎಲ್ಬೋದ ಬಳಿ ಇರುವ ಒತ್ತಡ 0.4 ಕಿಲೋ ಮಾತ್ರ. ಸಾಸಿವೆಯಷ್ಟೂ ಇಲ್ಲದ ರಂಧ್ರದ ಮೇಲೆ ಈ ಒತ್ತಡ ಹಾಕುವ ಬಲ ತೀರಾ ಸಣ್ಣದು. ಗಟ್ಟಿಯಾದ ಎಂ-ಸೀಲನ್ನು ಅದು ತಳ್ಳಿ ಹಾಕಲಾರದು. ತಳ್ಳಿದ್ದು ಒತ್ತಡವಲ್ಲ. ಹಚ್ಚುವಾಗ ಪೈಪಿನ ಮೇಲಿದ್ದ ನೀರಿನ ಪೊರೆ ಅಂಟನ್ನು ಲೋಹಕ್ಕೆ ತಾಗಲು ಬಿಡಲಿಲ್ಲ, ಜೊತೆಗೆ ಅದರ ಕೆಳಗಿದ್ದ ತುಕ್ಕಿನ ಪದರವೇ ಸಡಿಲವಾಗಿತ್ತು. ಅಂಟು ತುಕ್ಕಿಗೆ ಹಿಡಿಯಿತು, ತುಕ್ಕು ಪೈಪನ್ನು ಬಿಟ್ಟಿತು. ಹನಿಯುತ್ತಿರುವ ಪೈಪಿಗೆ ಬೆರಳಲ್ಲಿ ಒತ್ತಿ ಹಚ್ಚಿದ ಎಂ-ಸೀಲ್ ಒಂದು ದಿನ ನಿಂತರೆ ಅದೇ ಹೆಚ್ಚು.

ಹಾಗಾದರೆ ಮೊದಲ ಕೆಲಸ ನೀರನ್ನು ಪೂರ್ತಿಯಾಗಿ ನಿಲ್ಲಿಸುವುದು. ಇಲ್ಲಿ ಬಹಳ ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ತಾರಸಿಯ ಗೇಟ್ ವಾಲ್ವನ್ನು ಅರ್ಧ ತಿರುಗಿಸಿ ಇಟ್ಟರೆ ಒತ್ತಡ ಕಡಿಮೆಯಾಗಿ ಸೋರಿಕೆಯೂ ಅರ್ಧವಾಗುತ್ತದೆ ಎಂದು. ಹಾಗಾಗುವುದಿಲ್ಲ. ನಲ್ಲಿಗಳೆಲ್ಲ ಮುಚ್ಚಿರುವಾಗ ಪೈಪಿನಲ್ಲಿ ನೀರು ನಿಂತೇ ಇರುತ್ತದೆ. ನಿಂತ ನೀರಿನ ಒತ್ತಡ ಟ್ಯಾಂಕಿನ ಎತ್ತರವನ್ನು ಮಾತ್ರ ಅವಲಂಬಿಸಿದೆಯೇ ಹೊರತು ವಾಲ್ವು ಎಷ್ಟು ತೆರೆದಿದೆ ಎಂಬುದನ್ನಲ್ಲ. ಅರ್ಧ ಮುಚ್ಚಿದ ವಾಲ್ವಿನಿಂದ ಬಚ್ಚಲಿನ ನಲ್ಲಿ ನಿಧಾನವಾಗಿ ಬಂದೀತು, ಜಿನುಗುವಿಕೆ ಇದ್ದಷ್ಟೇ ಇರುತ್ತದೆ. ವಾಲ್ವು ಪೂರ್ತಿ ಮುಚ್ಚಿದರೆ ಮಾತ್ರ ಪ್ರಯೋಜನ. ಹೀಗೆ ಪೂರ್ತಿ ಮುಚ್ಚಿ, ಬೆಳಿಗ್ಗೆ ಎರಡು ಗಂಟೆ ಮತ್ತು ಸಂಜೆ ಎರಡು ಗಂಟೆ ತೆರೆದು, ಬೇಕಾದ ನೀರನ್ನು ಬಕೆಟ್ಟು, ಕೊಡಗಳಲ್ಲಿ ಹಿಡಿದಿಟ್ಟುಕೊಂಡರೆ ಒತ್ತಡ ಇರುವ ಅವಧಿ 24 ಗಂಟೆಯಿಂದ 4 ಗಂಟೆಗೆ ಇಳಿಯುತ್ತದೆ, ಸೋರಿಕೆಯೂ ಹೆಚ್ಚುಕಡಿಮೆ ಆರನೆಯ ಒಂದು ಭಾಗಕ್ಕೆ ಬರುತ್ತದೆ. ಬಾಣಂತಿ ಇರುವ ಮನೆಯಲ್ಲಿ ಇದು ದೀರ್ಘಕಾಲ ನಡೆಯುವ ಮಾತಲ್ಲವೆಂದು ಗೊತ್ತು. ಆದರೂ ಪ್ಲಂಬರ್ ಬರುವ ತನಕ ರಾತ್ರಿಯಾದರೂ ಮುಚ್ಚಿಡಿ.

1998ರ ಗೇಟ್ ವಾಲ್ವು ವರ್ಷಗಳಿಂದ ತಿರುಗದೆ ಇದ್ದರೆ ಅದನ್ನು ಬಲವಂತವಾಗಿ ತಿರುಗಿಸಬೇಡಿ. ಒಳಗಿನ ಕಡ್ಡಿ ಮುರಿದರೆ ವಾಲ್ವು ತೆರೆದೂ ಇಲ್ಲ, ಮುಚ್ಚಿಯೂ ಇಲ್ಲ ಎಂಬ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಮುಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಮುಚ್ಚುತ್ತಾ ನಿಧಾನವಾಗಿ ಮುಂದುವರಿದರೆ ಒಳಗೆ ಕೂತ ಕಿಟ್ಟ ಸಡಿಲವಾಗುತ್ತದೆ. ಹಳೆಯ ಗೇಟ್ ವಾಲ್ವುಗಳು ಪೂರ್ತಿ ಮುಚ್ಚಿದರೂ ಸಣ್ಣ ಎಳೆಯಾಗಿ ನೀರು ಬಿಡುವುದು ಸಾಮಾನ್ಯ. ಹಾಗಿದ್ದರೆ ಪ್ಲಂಬರಿಗೆ ಹೇಳಿ ಟ್ಯಾಂಕಿನ ಬುಡದಲ್ಲಿ ಒಂದು ಬಾಲ್ ವಾಲ್ವು ಹಾಕಿಸಿ. ತಾರಸಿಯ ಮೇಲಿನ ಕೆಲಸ, ಗೋಡೆ ಮುಟ್ಟಬೇಕಿಲ್ಲ, ಮನೆಯೊಳಗೆ ಧೂಳೂ ಬರುವುದಿಲ್ಲ. ಮುಂದೆ ಹೇಳುವ ಎಲ್ಲ ಉಪಾಯಗಳಿಗೂ ಇದೇ ಆಧಾರವಾದ್ದರಿಂದ, ಖರ್ಚು ಮಾಡುವ ಮೊದಲ ಹಣ ಇದಕ್ಕೇ ಹೋಗಲಿ ಎನ್ನುವುದು ನನ್ನ ಸಲಹೆ.

ಈಗ ಎಲ್ಬೋಗೆ ಬರೋಣ. ಸಂಜೆಯ ಅಡುಗೆ ಕೆಲಸ ಮುಗಿದ ಮೇಲೆ, ರಾತ್ರಿಗೆ ಬೇಕಾದ ನೀರನ್ನೆಲ್ಲ ಹಿಡಿದಿಟ್ಟು, ವಾಲ್ವು ಮುಚ್ಚಿ, ಮನೆಯ ಅತಿ ತಗ್ಗಿನ ನಲ್ಲಿಯನ್ನು ತೆರೆದುಬಿಡಿ. ಪೈಪಿನಲ್ಲಿ ಉಳಿದ ನೀರು ಅಲ್ಲಿಂದ ಹರಿದುಹೋಗಲಿ; ಆ ನಲ್ಲಿ ಬೆಳಿಗ್ಗೆಯವರೆಗೂ ತೆರೆದೇ ಇರಬೇಕು. ಸಿಂಕಿನ ಕೆಳಗಿನ ಪೈಪನ್ನು ಒಣ ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು, ನೀರು ಪೈಪಿನ ಮೈಯಿಂದ ಬರುತ್ತಿತ್ತೇ ಅಥವಾ ಎಲ್ಬೋ ಸೇರುವ ಥ್ರೆಡ್ಡಿನಿಂದ (ತಿರುಪಿನ ಗೆರೆಗಳಿಂದ) ಬರುತ್ತಿತ್ತೇ ಎಂದು ನಿರ್ಧರಿಸಿಕೊಳ್ಳಿ. ಅನುಮಾನವಿದ್ದರೆ ಒರೆಸಿದ ಜಾಗಕ್ಕೆ ಮುಖದ ಪೌಡರ್ ಉದುರಿಸಿ, ವಾಲ್ವನ್ನು ಒಂದು ನಿಮಿಷ ತೆರೆದು ನೋಡಿ; ಮೊದಲು ಒದ್ದೆಯಾಗುವ ಚುಕ್ಕೆಯೇ ಮೂಲ. ಹನಿ ಬೀಳುವ ಜಾಗವನ್ನು ನಂಬಬೇಡಿ, ನೀರು ಪೈಪಿನ ಕೆಳಮೈ ಹಿಡಿದು ಸಾಕಷ್ಟು ದೂರ ಹರಿದು ಬಂದಿರಬಹುದು.

ಎಲ್ಬೋವನ್ನು ಪೈಪ್ ರೆಂಚಿನಿಂದ ಬಿಗಿ ಮಾಡುವ ಆಸೆ ಎಲ್ಲರಿಗೂ ಆಗುತ್ತದೆ. ದಯವಿಟ್ಟು ಮಾಡಬೇಡಿ. ಜಿಐ ಪೈಪಿನ ದಪ್ಪ ಅತಿ ಕಡಿಮೆ ಇರುವುದು ಥ್ರೆಡ್ ಕೊರೆದ ಜಾಗದಲ್ಲಿ. ಅಲ್ಲಿ ಸತುವಿನ ಲೇಪವೂ ಕೊರೆಯುವಾಗಲೇ ಹೋಗಿರುತ್ತದೆ. ಇಪ್ಪತ್ತೈದು ವರ್ಷ ತುಕ್ಕು ತಿಂದ ಆ ಥ್ರೆಡ್ಡು ರೆಂಚಿನ ಬಲಕ್ಕೆ ಮುರಿದುಹೋಗಬಹುದು, ಇಲ್ಲವೇ ತಿರುಗುವ ಬಲ ಗೋಡೆಯೊಳಗಿನ ಮುಂದಿನ ಕೀಲಿಗೆ ಹೋಗಿ ಅಲ್ಲಿ ಇಲ್ಲದ ಸೋರಿಕೆಯೊಂದು ಹುಟ್ಟಬಹುದು. ಗಂಟೆಗೆ ಒಂದು ಲೋಟ ಕೊಡುತ್ತಿದ್ದ ಪೈಪು ನಿಮಿಷಕ್ಕೆ ಒಂದು ಬಕೆಟ್ ಕೊಡುವುದು ಹೀಗೆ. ತುಕ್ಕನ್ನು ಚಾಕು, ಉಳಿಗಳಿಂದ ಕೆರೆಯುವುದೂ ಬೇಡ. ಜಿಐ ಪೈಪಿನ ಸೂಜಿರಂಧ್ರಗಳನ್ನು ಎಷ್ಟೋ ಸಲ ತುಕ್ಕೇ ಮುಚ್ಚಿ ಹಿಡಿದಿರುತ್ತದೆ. ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಸಡಿಲವಾದ ಪುಡಿ ಉದುರಿ ಒರಟಾದ ಮೈ ಕಂಡರೆ ಅಷ್ಟು ಸಾಕು.

ಸೋರಿಕೆ ಪೈಪಿನ ಮೈಯಲ್ಲಿದ್ದರೆ ನಿಮ್ಮ ಪಕ್ಕದ ಮನೆಯವರ ಮಾತು ಸರಿ. ಕಡಿಮೆ ಒತ್ತಡದ ಲೈನಿಗೆ ಸೈಕಲ್ ಟ್ಯೂಬಿನಷ್ಟು ಅಗ್ಗದ, ನಂಬಿಕೆಯ ವಸ್ತು ಇನ್ನೊಂದಿಲ್ಲ. ಆದರೆ ಸುತ್ತುವ ಕ್ರಮವಿದೆ. ಹಳೆಯ ಟ್ಯೂಬಿನಿಂದ ಮೂರು ಸೆಂಟಿಮೀಟರ್ ಅಗಲದ ಉದ್ದನೆಯ ಪಟ್ಟಿ ಕತ್ತರಿಸಿ, ಒಳಮೈಗೆ ಹತ್ತಿರುವ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಆ ಪುಡಿ ಉಳಿದರೆ ರಬ್ಬರು ಜಾರುತ್ತದೆ. ರಂಧ್ರಕ್ಕಿಂತ ನಾಲ್ಕು ಬೆರಳು ಹಿಂದಿನಿಂದ ಆರಂಭಿಸಿ, ಪಟ್ಟಿಯನ್ನು ಅದರ ಎರಡರಷ್ಟು ಉದ್ದಕ್ಕೆ ಎಳೆಯುತ್ತಾ, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಸುತ್ತಿ, ರಂಧ್ರವನ್ನು ದಾಟಿ ಅಷ್ಟೇ ದೂರ ಹೋಗಿ ಮತ್ತೆ ಹಿಂದಕ್ಕೆ ಬನ್ನಿ. ಎಳೆತವೇ ಇಲ್ಲಿ ಮುಖ್ಯ. ಎಳೆಯದೆ ಸುತ್ತಿದ ರಬ್ಬರು ಬಟ್ಟೆ ಸುತ್ತಿದಂತೆಯೇ. ಅದರ ಮೇಲೆ, ಸರಿಯಾಗಿ ರಂಧ್ರದ ನೇರಕ್ಕೆ, ಒಂದು ಹೋಸ್ ಕ್ಲಿಪ್ ಹಾಕಿ ಸ್ಕ್ರೂಡ್ರೈವರಿನಿಂದ ಬಿಗಿಸಿ. ಕ್ಲಿಪ್ ರಬ್ಬರನ್ನು ಕಚ್ಚಿ ಕತ್ತರಿಸದಂತೆ ನಡುವೆ ತಗಡಿನ ತುಂಡೊಂದನ್ನು ಬಾಗಿಸಿ ಇಡಬಹುದು. ಅಂಗಡಿಯಲ್ಲಿ ಅಳತೆ ಕೇಳುವಾಗ ಎಚ್ಚರವಿರಲಿ: ಅರ್ಧ ಇಂಚಿನ ಜಿಐ ಪೈಪಿನ ಹೊರವ್ಯಾಸ ಸುಮಾರು 21 ಮಿಲಿಮೀಟರ್, ಮುಕ್ಕಾಲು ಇಂಚಿನದು ಸುಮಾರು 27 ಮಿಲಿಮೀಟರ್, ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿನಲ್ಲಾದರೆ ಅದೇ ಅರ್ಧ ಇಂಚು 16, ಮುಕ್ಕಾಲು ಇಂಚು 22 ಮಿಲಿಮೀಟರ್ ಆಸುಪಾಸು ಇರುತ್ತದೆ. ಅರ್ಧ ಇಂಚೆಂದು ಕೇಳಿ ತಂದ ಕ್ಲಿಪ್ ಪೈಪಿಗೆ ಸುತ್ತು ಬಾರದೆ ಇರುವುದು ಇದರಿಂದಲೇ. ಸುತ್ತಿದ ರಬ್ಬರಿನ ದಪ್ಪವನ್ನೂ ಸೇರಿಸಿ ಒಂದು ಅಳತೆ ದೊಡ್ಡದನ್ನೇ ತನ್ನಿ.

ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಸೋರಿಕೆ ಥ್ರೆಡ್ಡಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಅಲ್ಲಿ ಪೈಪು ಸಣ್ಣದು, ಎಲ್ಬೋದ ಬಾಯಿ ದಪ್ಪ. ಈ ಮೆಟ್ಟಿಲಿನ ಮೇಲೆ ರಬ್ಬರು ಒಂದೇ ಸಮನಾಗಿ ಕೂರುವುದಿಲ್ಲ. ಹಾಗಾಗಿ ಎಂ-ಸೀಲೇ ಬೇಕು, ಈ ಸಲ ಒಣಗಿದ ಪೈಪಿನ ಮೇಲೆ. ಒರೆಸಿದ ಬಳಿಕ ಹೇರ್ ಡ್ರೈಯರ್ ಇದ್ದರೆ ಹತ್ತು ನಿಮಿಷ ಬಿಸಿ ಗಾಳಿ ಹಾಯಿಸಿ, ಇಲ್ಲದಿದ್ದರೆ ಫ್ಯಾನು ಇಟ್ಟು ಒಂದು ಗಂಟೆ ಬಿಡಿ. ಎರಡು ಬಣ್ಣದ ಭಾಗಗಳನ್ನು ಸಮನಾಗಿ ಕತ್ತರಿಸಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಗೆರೆಗಳೆಲ್ಲ ಮಾಯವಾಗಿ ಒಂದೇ ಬಣ್ಣ ಬರುವ ತನಕ ನಾದಬೇಕು. ಅರೆಬರೆ ಕಲಸಿದ ಜಾಗ ಎಂದಿಗೂ ಗಟ್ಟಿಯಾಗದೆ ಮೇಣದಂತೆ ಉಳಿಯುತ್ತದೆ. ಮೊದಲು ತೆಳ್ಳಗಿನ ಎಳೆಯೊಂದನ್ನು ಥ್ರೆಡ್ಡಿನ ಸಂದಿಯೊಳಗೆ ಹೆಬ್ಬೆರಳಿನಿಂದ ಬಲವಾಗಿ ತುರುಕಿ, ಆಮೇಲೆ ಅದರ ಮೇಲೆ ಸುತ್ತಲೂ ಒಂದು ಬೆರಳಿನ ದಪ್ಪಕ್ಕೆ, ಪೈಪಿನ ಕಡೆಗೂ ಎಲ್ಬೋದ ಕಡೆಗೂ ಮೂರು ನಾಲ್ಕು ಸೆಂಟಿಮೀಟರ್ ಚಾಚಿಕೊಳ್ಳುವಂತೆ ಹಚ್ಚಿ, ಅಂಚುಗಳನ್ನು ಇಳಿಜಾರಾಗಿ ಸವರಿ. ಪೈಪಿನ ಹಿಂಬದಿ, ಗೋಡೆಯ ಕಡೆ, ಕಣ್ಣಿಗೆ ಕಾಣದ ಜಾಗದಲ್ಲೇ ಹೆಚ್ಚಿನವರು ಬಿಟ್ಟುಬಿಡುವುದು; ಸಣ್ಣ ಕನ್ನಡಿ ಹಿಡಿದು ನೋಡಿಕೊಳ್ಳಿ. ಪೊಟ್ಟಣದ ಮೇಲೆ ಬೇಗ ಗಟ್ಟಿಯಾಗುತ್ತದೆ ಎಂದು ಬರೆದಿದ್ದರೂ ಬೆಳಗಿನವರೆಗೆ ನೀರು ಬಿಡಬೇಡಿ.

ಹಳೆಯ ಗೇಟ್ ವಾಲ್ವು ಪೂರ್ತಿ ಮುಚ್ಚದೆ ಪೈಪು ಒಣಗುವುದೇ ಇಲ್ಲವೆಂದಾದರೆ, ಎರಡನ್ನೂ ಸೇರಿಸಿ ಬಳಸಬೇಕಾಗುತ್ತದೆ. ಮೊದಲು ಟ್ಯೂಬಿನ ಕಿರಿದಾದ ಪಟ್ಟಿಯನ್ನು ಥ್ರೆಡ್ಡಿನ ಸಂದಿಗೆ ಬಿಗಿಯಾಗಿ ಸುತ್ತಿ ಹನಿಯನ್ನು ತಡೆದು, ಅದರ ಎರಡೂ ಬದಿಯ ಒಣ ಲೋಹವನ್ನು ಹಿಡಿದುಕೊಳ್ಳುವಂತೆ ಮೇಲಿನಿಂದ ಎಂ-ಸೀಲ್ ಹೊದಿಸಿದರೆ, ರಬ್ಬರು ನೀರನ್ನು ತಡೆಯುತ್ತದೆ, ಎಂ-ಸೀಲ್ ರಬ್ಬರನ್ನು ಹಿಡಿದಿಡುತ್ತದೆ. ಇದು ಸುಂದರವಾಗಿ ಕಾಣುವುದಿಲ್ಲ, ಸಿಂಕಿನ ಕೆಳಗೆ ನೋಡುವವರು ಯಾರು?

ಟೆಫ್ಲಾನ್ ಟೇಪಿನ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಕೀಲನ್ನು ಬಿಚ್ಚಿ ಥ್ರೆಡ್ಡಿನ ಮೇಲೆ ಸುತ್ತಿ ಮತ್ತೆ ಕೂರಿಸುವಾಗ ಬಳಸುವ ವಸ್ತು. ಅದಕ್ಕೆ ಅಂಟಿನ ಗುಣವೇ ಇಲ್ಲವಾದ್ದರಿಂದ ಹೊರಗಿನಿಂದ ಎಷ್ಟು ಸುತ್ತಿದರೂ ನೀರು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ತಗಡಿನ ಮಾಡಿಗೆ ಅಂಟಿಸುವ ಡಾಂಬರಿನ ಟೇಪು ಕೂಡ ಒತ್ತಡದ ಪೈಪಿಗೆ ಹೊಂದುವುದಿಲ್ಲ. ಹೊರಗಿನ ಕೊಳೆನೀರಿನ ಪೈಪಿನ ಬಿರುಕಿಗೆ, ಒಣಗಿಸಿ ಅಂಟಿಸಿದರೆ, ಚೆನ್ನಾಗಿ ನಿಲ್ಲುತ್ತದೆ. ಸುಣ್ಣ ಬೆಲ್ಲ, ಬಟ್ಟೆ ಸೋಪು ಇವೆಲ್ಲ ಮಡಕೆಯ ಒಸರಿಗೆ ಸರಿ, ಲೈನಿಗಲ್ಲ.

ಮನೆಯಲ್ಲಿ ಎಲ್ಲಾದರೂ ನಂತರ ಹಾಕಿಸಿದ ಸಿಪಿವಿಸಿ ಪೈಪು ಇದ್ದು ಅದೂ ಮುಂದೆ ಜಿನುಗಿದರೆ ಮೇಲಿನ ಕ್ರಮ ಅದಕ್ಕೆ ಪೂರ್ತಿ ಅನ್ವಯಿಸುವುದಿಲ್ಲ. ಅದರ ಕೀಲನ್ನು ಕೂಡಿಸುವ ಸಾಲ್ವೆಂಟು ಪೈಪಿನ ಮೇಲ್ಮೈಯನ್ನೇ ಕರಗಿಸಿ ಬೆಸೆಯುತ್ತದೆ. ಹೊರಗಿನ ಅಂಚಿಗೆ ಮತ್ತಷ್ಟು ಸಾಲ್ವೆಂಟು ಸವರಿದರೆ ಒಳಗಿನ ಬೆಸುಗೆ ಸರಿಹೋಗುವುದಿಲ್ಲ, ಒದ್ದೆ ಪೈಪಿನ ಮೇಲಂತೂ ಹಿಡಿಯುವುದೇ ಇಲ್ಲ. ಸಿಪಿವಿಸಿಗೆ ಅಡುಗೆ ಎಣ್ಣೆ, ಗ್ರೀಸು ತಾಗಿಸಬಾರದು, ವೈರಿಂಗಿನ ಪಿವಿಸಿ ಟೇಪನ್ನು ಸುತ್ತಿ ತಿಂಗಳುಗಟ್ಟಲೆ ಬಿಡಬಾರದು. ಅವುಗಳಲ್ಲಿರುವ ಎಣ್ಣೆಯಂಥ ಅಂಶ ಆ ಪ್ಲಾಸ್ಟಿಕ್ಕಿನಲ್ಲಿ ಬಿರುಕು ಬಿಡಿಸುತ್ತದೆ. ಸಿಪಿವಿಸಿ ಪೈಪಿನ ಬಿರುಕು ಉದ್ದಕ್ಕೆ ಹರಿಯುವ ಸ್ವಭಾವದ್ದು; ಅದನ್ನು ಮುಚ್ಚುವ ಪ್ರಯತ್ನಕ್ಕಿಂತ ಆ ತುಂಡನ್ನು ಕತ್ತರಿಸಿ ಕಪ್ಲಿಂಗ್ ಹಾಕಿಸುವುದು ಸುಲಭ.

ಇನ್ನು ಗೋಡೆ. ಇಲ್ಲಿ ತೀರ್ಮಾನ ಮಾಡುವ ಮೊದಲು ಪರೀಕ್ಷೆ ಬೇಕು, ಏಕೆಂದರೆ ಬಚ್ಚಲಿನ ಗೋಡೆಯ ತೇವಕ್ಕೆ ಎರಡು ಮೂಲಗಳಿರಬಹುದು: ಟ್ಯಾಂಕಿನಿಂದ ಬರುವ ಲೈನು, ಅಥವಾ ಸ್ನಾನದ ನೀರು ಹೋಗುವ ದಾರಿ. ಮೊದಲನೆಯದು ಹಗಲೂ ರಾತ್ರಿ ಒಸರುತ್ತದೆ, ಎರಡನೆಯದು ಸ್ನಾನವಾದಾಗ ಮಾತ್ರ. ನೆಲದಿಂದ ಎರಡು ಅಡಿ ಎಂಬ ಎತ್ತರ ಎರಡಕ್ಕೂ ಹೊಂದುತ್ತದೆ. ನಮ್ಮ ಮನೆಗಳಲ್ಲಿ ನಗರದ ನೀರು ಮೀಟರ್ ದಾಟಿ ಸಂಪಿಗೆ ಬಿದ್ದು ಅಲ್ಲಿಂದ ಪಂಪಿನಲ್ಲಿ ಮೇಲೇರುವುದರಿಂದ, ಮೀಟರ್ ನೋಡಿ ಮನೆಯೊಳಗಿನ ಸೋರಿಕೆ ಹಿಡಿಯಲು ಬರುವುದಿಲ್ಲ, ಟ್ಯಾಂಕಿನಲ್ಲೇ ಅಳೆಯಬೇಕು. ಎಲ್ಬೋ ದುರಸ್ತಿಯಾದ ಮೇಲೆ ಒಂದು ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಫ್ಲಶ್ ಟ್ಯಾಂಕಿನ ಆಂಗಲ್ ಕಾಕನ್ನೂ (ಗೋಡೆಯ ಬಳಿ ಇರುವ ಸಣ್ಣ ವಾಲ್ವು) ಮುಚ್ಚಿ, ಆದರೆ ತಾರಸಿಯ ವಾಲ್ವು ತೆರೆದಿಟ್ಟು, ಕೋಲೊಂದನ್ನು ಟ್ಯಾಂಕಿನ ತಳಕ್ಕೆ ತಾಗಿಸಿ ನೀರಿನ ಮಟ್ಟವನ್ನು ಗುರುತು ಮಾಡಿ. ಬೆಳಿಗ್ಗೆ ಮತ್ತೆ ನೋಡಿ. ಟ್ಯಾಂಕಿನ ಒಳವ್ಯಾಸ ಒಂದು ಮೀಟರ್ ಇದ್ದರೆ ಒಂದು ಸೆಂಟಿಮೀಟರ್ ಇಳಿತಕ್ಕೆ ಸುಮಾರು 8 ಲೀಟರ್ ನೀರು ಹೋಗಿದೆ ಎಂದರ್ಥ. ಸಣ್ಣ ಒಸರು ಒಂದು ರಾತ್ರಿಯಲ್ಲಿ ಕಣ್ಣಿಗೆ ಕಾಣದೆ ಹೋಗಬಹುದು. ಮನೆಮಂದಿ ಊರಿಗೆ ಹೋದ ದಿನ ಸಿಕ್ಕರೆ 24 ಗಂಟೆ ಬಿಟ್ಟು ಅಳೆಯುವುದು ಒಳ್ಳೆಯದು, ಬಾಣಂತಿಯ ಮನೆಯಲ್ಲಿ ಅಂಥ ದಿನ ಸಿಗುವುದಿಲ್ಲವೆಂಬುದು ಬೇರೆ ಮಾತು. ಫ್ಲಶ್ ಟ್ಯಾಂಕನ್ನು ಏಕೆ ಬೇರ್ಪಡಿಸಬೇಕೆಂದರೆ ಅದರೊಳಗಿನ ವಾಶರು ಸವೆದು ಸದ್ದಿಲ್ಲದೆ ಕಮೋಡಿಗೆ ನೀರು ಇಳಿಯುತ್ತಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಅನುಮಾನವಿದ್ದರೆ ಬಟ್ಟೆಗೆ ಹಾಕುವ ನೀಲಿಯ ಕೆಲವು ಹನಿಯನ್ನು ಫ್ಲಶ್ ಟ್ಯಾಂಕಿಗೆ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಕಾದು ಕಮೋಡಿನ ನೀರು ನೀಲಿಯಾಯಿತೇ ನೋಡಿ.

ಮಟ್ಟ ಇಳಿದಿದ್ದರೆ ಇನ್ನೊಂದು ರಾತ್ರಿ ಗೀಸರಿಗೆ ಹೋಗುವ ಆಂಗಲ್ ಕಾಕನ್ನು ಮುಚ್ಚಿ, ಗೀಸರಿನ ಸ್ವಿಚ್ಚು ಆರಿಸಿ, ಅದೇ ಪರೀಕ್ಷೆ ಮಾಡಿ. ಆಗ ಮಟ್ಟ ಇಳಿಯದಿದ್ದರೆ ತಪ್ಪು ಬಿಸಿನೀರಿನ ಲೈನಿನಲ್ಲಿದೆ. ನನ್ನ ಊಹೆಯೂ ಅದೇ. ಜಿಐ ಪೈಪಿನ ಸತುವು ತಣ್ಣೀರಿನಲ್ಲಿ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದರೆ ನೀರು 60 ಡಿಗ್ರಿ ಸೆಲ್ಸಿಯಸ್ ಮೀರಿ ಬಿಸಿಯಾದಾಗ ಈ ಗುಣ ಕುಂದುತ್ತದೆ, ಕೆಲವು ಬಗೆಯ ನೀರಿನಲ್ಲಿ ತಿರುಗುಮುರುಗಾಗಿ ಕಬ್ಬಿಣವೇ ಸವೆಯುತ್ತದೆ. ಹಳೆಯ ಮನೆಗಳಲ್ಲಿ ತಣ್ಣೀರಿನ ಲೈನಿಗಿಂತ ಮೊದಲು ಗೀಸರಿನ ಲೈನು ಕೈಕೊಡುವುದಕ್ಕೆ ಇದೊಂದು ಕಾರಣ. ಬಾಣಂತಿ ಸ್ನಾನಕ್ಕೆ ಈಗ ಆ ಲೈನು ಎಂದಿಗಿಂತ ಹೆಚ್ಚು ದುಡಿಯುತ್ತಿರುತ್ತದೆ, ಕಲೆ ಈಗಲೇ ಹರಡತೊಡಗಿದ್ದು ಅಚ್ಚರಿಯಲ್ಲ.

ಲೈನೇ ಸೋರುತ್ತಿದೆ ಎಂದು ಖಚಿತವಾದರೆ, ಗೋಡೆಯೊಳಗಿನ ಆ ತುಂಡನ್ನು ಸತ್ತ ಲೈನು ಮಾಡಿ, ಗೋಡೆಯ ಮೇಲೆ ತೆರೆದ ಸಿಪಿವಿಸಿ ಲೈನು ಎಳೆಸಿ. ನಾನು ತಾತ್ಕಾಲಿಕ ದುರಸ್ತಿ ಎಂದು ಕರೆಯುವುದು ಇದನ್ನು. ಬಿಸಿನೀರಿನ ಲೈನಾದರೆ ಗೀಸರಿನ ಹೊರಬಾಯಿಯಿಂದ ನೇರವಾಗಿ ಕೆಳಗೆ ಒಂದು ಪೈಪು, ಅದರ ಕೊನೆಗೆ ಬಕೆಟ್ಟಿನ ಎತ್ತರಕ್ಕೆ ಒಂದು ನಲ್ಲಿ. ಗೋಡೆಯೊಳಗೆ ಹೋಗುವ ಹಳೆಯ ಬಾಯಿಗೆ ಪ್ಲಗ್ಗು. ತಣ್ಣೀರು ಮತ್ತು ಬಿಸಿನೀರು ಮಿಕ್ಸರಿನಲ್ಲಿ ಕೂಡುವ ಕಡೆ ಬಿಸಿನೀರಿನ ಬಾಯಿಯನ್ನೂ ಪ್ಲಗ್ಗಿನಿಂದ ಮುಚ್ಚಬೇಕು. ಮರೆತರೆ ತಣ್ಣೀರು ಮಿಕ್ಸರಿನ ಮೂಲಕ ಹಿಂದಕ್ಕೆ ಹರಿದು ಅದೇ ಸತ್ತ ಲೈನನ್ನು ಮತ್ತೆ ತುಂಬುತ್ತದೆ. ಶವರ್ ಮೂರು ತಿಂಗಳು ಬಿಸಿನೀರು ಕೊಡುವುದಿಲ್ಲ, ಅಷ್ಟೇ. ಒಳ್ಳೆಯ ಪ್ಲಂಬರಿಗೆ ಇದು ಅರ್ಧ ದಿನದ ಕೆಲಸ. ಗೋಡೆಗೆ ಬೀಳುವುದು ಕ್ಲಾಂಪಿನ ಕೆಲವು ಡ್ರಿಲ್ ತೂತುಗಳು ಮಾತ್ರ. ಸಾಲ್ವೆಂಟಿನ ವಾಸನೆ ಕೂಸಿಗೆ ಒಳ್ಳೆಯದಲ್ಲವಾದ್ದರಿಂದ ತಾಯಿ ಮಗು ದೂರದ ಕೋಣೆಯಲ್ಲಿರುವಾಗ, ಕಿಟಕಿಗಳನ್ನೆಲ್ಲ ತೆರೆದು ಮಾಡಿಸಿ, ಕೀಲುಗಳು ಒಣಗಲು ರಾತ್ರಿಯಿಡೀ ಬಿಟ್ಟು, ಮರುದಿನ ಮೊದಲ ಎರಡು ಬಕೆಟ್ ನೀರನ್ನು ಚೆಲ್ಲಿ.

ಟ್ಯಾಂಕಿನ ಮಟ್ಟ ಇಳಿಯದೆ ಕಲೆ ಮಾತ್ರ ಬೆಳೆಯುತ್ತಿದ್ದರೆ ತಪ್ಪು ಬಚ್ಚಲಿನ ನೆಲದ್ದು, ಟೈಲ್ಸ್ ಸಂದಿಯದು ಅಥವಾ ಕೊಳೆನೀರಿನ ಪೈಪಿನದು. ಸಂದಿಗಳಲ್ಲಿ ಉದುರಿದ ಬಿಳಿ ಸಿಮೆಂಟನ್ನು ಕೆರೆದು ಟೈಲ್ ಗ್ರೌಟ್ ತುಂಬಿ, ಜಾಲರಿಯ ಸುತ್ತಲೂ ಹಾಗೆಯೇ ಮಾಡಿ, ಒಂದು ದಿನ ಒಣಗಲು ಬಿಡಿ. ಸ್ನಾನದ ಮಣೆಯನ್ನು ಆ ಗೋಡೆಯಿಂದ ದೂರ ಸರಿಸಿದರೂ ವ್ಯತ್ಯಾಸ ಕಾಣುತ್ತದೆ.

ಎರಡರಲ್ಲಿ ಯಾವುದೇ ಆಗಿರಲಿ, ನಡುಮನೆಯ ಕಲೆಯ ಅಂಚಿಗೆ ಇಂದೇ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ನೀರು ನಿಂತ ಮೇಲೂ ಇಟ್ಟಿಗೆ ಗೋಡೆ ಒಣಗಲು ವಾರಗಳೇ ಬೇಕಾಗುವುದರಿಂದ ಕಲೆ ಕೂಡಲೇ ಮಾಯವಾಗಲಿಲ್ಲವೆಂದು ನಿರಾಶರಾಗಬೇಡಿ. ಗೆರೆ ದಾಟಿ ಬೆಳೆಯದಿದ್ದರೆ ದುರಸ್ತಿ ಫಲಿಸಿದೆ. ಈ ಅವಧಿಯಲ್ಲಿ ಆ ಜಾಗಕ್ಕೆ ಬಣ್ಣ, ಪುಟ್ಟಿ, ವಾಟರ್‌ಪ್ರೂಫ್ ಲೇಪ ಯಾವುದನ್ನೂ ಬಳಿಯಬೇಡಿ. ಮುಂಬದಿ ಮುಚ್ಚಿದರೆ ತೇವ ಗೋಡೆಯೊಳಗೇ ಮೇಲಕ್ಕೂ ಪಕ್ಕಕ್ಕೂ ಹರಡಿ, ಲೇಪವನ್ನೇ ಚಕ್ಕೆಯಾಗಿ ಎತ್ತಿ ಹಾಕುತ್ತದೆ. ಸೋಫಾ, ಕಪಾಟುಗಳನ್ನು ಗೋಡೆಯಿಂದ ಒಂದು ಅಡಿ ಮುಂದಕ್ಕೆ ಎಳೆದು ಗಾಳಿಯಾಡಲು ಬಿಡಿ. ತೇವದ ಬಳಿ ಸ್ವಿಚ್ ಬೋರ್ಡು, ಪ್ಲಗ್ ಪಾಯಿಂಟು ಇದ್ದರೆ ಉಳಿದೆಲ್ಲಕ್ಕಿಂತ ಮೊದಲು ಆ ಸಾಲಿನ ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ನೋಡಿ ಸರಿ ಎನ್ನುವ ತನಕ ಬಳಸಬೇಡಿ. ಗೋಡೆ ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಮೂರು ತಿಂಗಳ ಮಾತು ಬಿಟ್ಟು ಅಂದೇ ಕೆಲಸ ಮಾಡಿಸಬೇಕು.

ಗೀಸರಿನ ವಾಲ್ವಿನ ವಿಷಯಕ್ಕೆ ಬಂದರೆ, ತಣ್ಣೀರು ಒಳಹೋಗುವ ಬಾಯಿಯಲ್ಲಿರುವ ಆ ವಾಲ್ವಿಗೆ ಎರಡು ಕೆಲಸಗಳಿವೆ: ಬಿಸಿನೀರು ಹಿಂದಕ್ಕೆ ಹರಿಯದಂತೆ ತಡೆಯುವುದು, ಒಳಗಿನ ಒತ್ತಡ ಮಿತಿ ಮೀರಿದರೆ ಸ್ವಲ್ಪ ನೀರನ್ನು ಹೊರಬಿಡುವುದು. ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯುವಾಗ ಸುಮಾರು 1.4 ಶೇಕಡಾ ಹಿಗ್ಗುತ್ತದೆ. 15 ಲೀಟರಿನ ಗೀಸರಿನಲ್ಲಿ ಅದು 200 ಮಿಲಿಲೀಟರ್, ಅಂದರೆ ಒಂದು ಲೋಟ. ನಲ್ಲಿ ಮುಚ್ಚಿದ್ದಾಗ ಈ ಹೆಚ್ಚಿನ ನೀರಿಗೆ ಹೋಗಲು ಬೇರೆ ದಾರಿಯಿಲ್ಲ. ಆದ್ದರಿಂದ ಕಾಯುವಾಗ ಮಾತ್ರ ಹನಿ ಬಿದ್ದು ಆರಿಸಿದ ಮೇಲೆ ನಿಲ್ಲುತ್ತಿದ್ದರೆ ವಾಲ್ವು ತನ್ನ ಕೆಲಸವನ್ನು ಮಾಡುತ್ತಿದೆ. ಅದರ ಬಾಯಿಗೆ ಎಂ-ಸೀಲ್ ತುಂಬಿದರೆ, ಥರ್ಮೋಸ್ಟಾಟ್ ಕೆಟ್ಟ ದಿನ ಗೀಸರ್ ಸಿಡಿಯುವ ಅಪಾಯವಿದೆ. ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ತೆರೆದೇ ಇಟ್ಟು, ಹನಿಯನ್ನು ಜಾಲರಿಯ ಕಡೆ ಬಿಡಿ. ಸ್ವಿಚ್ಚು ಆರಿಸಿ ನೀರು ತಣ್ಣಗಾದ ಮೇಲೂ ಹನಿ ನಿಲ್ಲದಿದ್ದರೆ ವಾಲ್ವಿನ ಬಾಯಿಯಲ್ಲಿ ಗಡಸು ನೀರಿನ ಸುಣ್ಣ ಕೂತಿದೆ. ಹೊಸ ವಾಲ್ವು ಹಾಕಿಸಿ, ಅದಕ್ಕೂ ಗೋಡೆ ಒಡೆಯಬೇಕಿಲ್ಲ. ಹನಿ ವಾಲ್ವಿನಿಂದಲ್ಲದೆ ಗೀಸರಿನ ಹೊರಕವಚದ ಸಂದಿಯಿಂದ ಬರುತ್ತಿದ್ದರೆ ಒಳಗಿನ ಟ್ಯಾಂಕು ತೂತಾಗಿದೆ, ಅದನ್ನು ಆ ಕ್ಷಣದಿಂದ ಬಳಸಬಾರದು.

ಇನ್ನೆರಡು ಸಣ್ಣ ಸಂಗತಿಗಳು ನಿಮ್ಮ ಮನೆಯ ಸ್ಥಿತಿಗೆ ಸೇರಿದವು. ಸೋರುವ ಪೈಪಿನ ಕೆಳಗಿಡುವ ಪಾತ್ರೆಯನ್ನು ಪ್ರತಿದಿನ ಬರಿದು ಮಾಡಿ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ಸ್ವಚ್ಛ ನೀರಿನಲ್ಲೇ, ಮತ್ತು ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ರಾತ್ರಿ ಟಪ್ ಟಪ್ ಸದ್ದು ಮಗುವನ್ನು ಎಬ್ಬಿಸುತ್ತಿದ್ದರೆ ಹನಿ ಬೀಳುವ ಜಾಗಕ್ಕೆ ಒಂದು ನೂಲಿನ ದಾರ ಕಟ್ಟಿ ಪಾತ್ರೆಗೆ ಇಳಿಬಿಡಿ, ನೀರು ದಾರ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ. ಎರಡನೆಯದು, ವಾಲ್ವು ಮುಚ್ಚಿ ಪೈಪು ಖಾಲಿಯಾಗುವಾಗ ಸೋರುವ ರಂಧ್ರದ ಮೂಲಕ ಗೋಡೆಯ ಕೊಳಕು ನೀರು ಒಳಕ್ಕೆ ಎಳೆಯಲ್ಪಡಬಹುದು. ಹೀಗಾಗಿ ವಾಲ್ವು ತೆರೆದ ಮೇಲೆ ಮೊದಲ ಬಕೆಟ್ ನೀರನ್ನು ನೆಲ ತೊಳೆಯಲು, ಗಿಡಕ್ಕೆ ಬಳಸಿ. ತಾಯಿಯ ಕುಡಿಯುವ ನೀರನ್ನೂ ಮಗುವಿಗೆ ಬಳಸುವ ನೀರನ್ನೂ ಕುದಿಸಿ ಆರಿಸಿಯೇ ಕೊಡಿ.

ದುರಸ್ತಿ ಮಾಡಿದ ಎಲ್ಬೋವನ್ನು ವಾರಕ್ಕೊಮ್ಮೆ ಒಣ ಕಾಗದದ ತುಂಡು ಒತ್ತಿ ಪರೀಕ್ಷಿಸಿ. ಕಾಗದ ಸ್ವಲ್ಪ ಒದ್ದೆಯಾದರೆ ಗಾಬರಿ ಬೇಡ, ಅದೇ ಲೋಟ ಇಟ್ಟು ಗಂಟೆಗೆ ಎಷ್ಟು ಎಂದು ಅಳೆದು ಬರೆದಿಡಿ. ಅಳತೆ ವಾರದಿಂದ ವಾರಕ್ಕೆ ಇಮ್ಮಡಿಯಾಗುತ್ತಿದ್ದರೆ ಥ್ರೆಡ್ಡು ಒಳಗಿನಿಂದ ಸವೆಯುತ್ತಿದೆ. ಆಗ ಅಡುಗೆಮನೆಗೂ ತಾರಸಿಯಿಂದ ಹೊರಗೋಡೆಯ ಮೇಲೆ ಒಂದು ತೆರೆದ ಲೈನು ಇಳಿಸಿ, ಕಿಟಕಿಯ ಮೂಲೆಯಿಂದ ಸಿಂಕಿಗೆ ತಂದು, ಹಳೆಯದನ್ನು ಮುಚ್ಚಿಸಿ. ಬಿಸಿಲಿಗೆ ಸಿಪಿವಿಸಿ ವರ್ಷಗಳಲ್ಲಿ ಪೆಡಸಾಗುತ್ತದೆಯಾದರೂ ಮೂರು ತಿಂಗಳಿಗೆ ಚಿಂತೆಯಿಲ್ಲ. ಮಗಳು ಹೊರಟ ಮೇಲೆ ಗೋಡೆ ಒಡೆಸುವಾಗ, ಹೊಸ ಲೈನನ್ನು ಗಾರೆಯಿಂದ ಮುಚ್ಚುವ ಮೊದಲು ಒತ್ತಡ ಪರೀಕ್ಷೆಯ ಪಂಪು ಕಟ್ಟಿ ಒಂದು ದಿನ ಬಿಡಬೇಕೆಂದು ಪ್ಲಂಬರಿಗೆ ಈಗಲೇ ಹೇಳಿಡಿ. ಕೂಲಿ ಮಾತಾಡುವಾಗ ಅದನ್ನೂ ಸೇರಿಸಿಕೊಂಡರೆ ಆಮೇಲೆ ತಕರಾರು ಬರುವುದಿಲ್ಲ.